ದೋಣಿ: ಮರದ ಪಾತ್ರೆ ಹೊಳೆಗಿಳಿದದ್ದು

ರೋಣದಲ್ಲಿ ಊರಿನ ಹೆಸರಿನ ಮಾತು ಬಂದರೆ ಹಿರಿಯರು ದ್ರೋಣಪುರ ಅನ್ನುತ್ತಾರೆ. ದ್ರೋಣಾಚಾರ್ಯರು ಇಲ್ಲಿದ್ದರಂತೆ, ಗುಡಿ ಕಟ್ಟಿಸಿದರಂತೆ. ಕಥೆ ಚೆಂದ, ಆದರೆ ನಾನು ಒಪ್ಪಲಾರೆ. ಪದದ ಮೊದಲ ಒತ್ತಕ್ಷರವನ್ನು ಸಡಿಲಿಸುವಾಗ ಕನ್ನಡದ ನಾಲಿಗೆ ಸಾಮಾನ್ಯವಾಗಿ ಉದುರಿಸುವುದು ರಕಾರವನ್ನು. ಪ್ರಯಾಣ ಪಯಣವಾಯಿತು, ಪ್ರಸಾದ ಹಸಾದವಾಯಿತು. ಆ ಲೆಕ್ಕದಲ್ಲಿ ದ್ರೋಣಕ್ಕೆ ಉಳಿಯಬೇಕಾದದ್ದು ದಕಾರ. ಉಳಿದಿದೆ ಕೂಡ: ಊಟದ ದೊನ್ನೆಯಲ್ಲಿ, ಹೊಳೆಯ ದೋಣಿಯಲ್ಲಿ.

ಸಂಸ್ಕೃತದಲ್ಲಿ ದ್ರು ಅಂದರೆ ಮರ. ದೇವದಾರುವಿನ ದಾರು, ಇಂಗ್ಲಿಷಿನ ಟ್ರೀ ಇದರ ದೂರದ ನೆಂಟರು. ಮರ ಕೊರೆದು ಮಾಡಿದ ಪಾತ್ರೆ ದ್ರೋಣ. ಯಜ್ಞದಲ್ಲಿ ಸೋಮರಸ ತುಂಬುತ್ತಿದ್ದದ್ದು ದ್ರೋಣಕಲಶದಲ್ಲಿ. ಆಚಾರ್ಯರಿಗೂ ಆ ಹೆಸರು ಬಂದದ್ದು ಅಂಥ ಪಾತ್ರೆಯಲ್ಲಿ ಹುಟ್ಟಿದ್ದರಿಂದ ಎಂದು ಮಹಾಭಾರತ ಹೇಳುತ್ತದೆ. ಪಾತ್ರೆ ಉದ್ದವಾದರೆ ದ್ರೋಣಿ. ಭರತ ಬರುವ ತನಕ ದಶರಥನ ದೇಹ ಕೆಡದಂತೆ ಇಟ್ಟದ್ದು ತೈಲದ್ರೋಣಿಯಲ್ಲಿ. ಆಯುರ್ವೇದದ ಆಸ್ಪತ್ರೆಗಳಲ್ಲಿ ಎಣ್ಣೆ ತಿಕ್ಕಿಸಿಕೊಳ್ಳಲು ಮಲಗುವ ಮರದ ಹಲಗೆ ಇವತ್ತಿಗೂ ದ್ರೋಣಿಯೇ. ದ್ರವವನ್ನು ಒಳಗೆ ಹಿಡಿಯಲು ಕೊರೆದ ಮರವೇ ನೀರನ್ನು ಹೊರಗಿಟ್ಟು ಮನುಷ್ಯನನ್ನು ಹೊತ್ತಿತು.

ಕನ್ನಡ ಹಳೆಯ ಅರ್ಥವನ್ನೂ ಬಿಟ್ಟುಕೊಡಲಿಲ್ಲ. ದನಕ್ಕೆ ನೀರಿಡುವ ಕಲ್ಲಿನ ತೊಟ್ಟಿ ಕಲ್ಲುದೋಣಿ. ಮಾಡಿನ ನೀರು ಹರಿದುಹೋಗಲು ಹಚ್ಚುವುದೂ ದೋಣಿ. ಗುಡ್ಡದ ಬಂಡೆಯ ಕುಳಿಯಲ್ಲಿ ನಿಲ್ಲುವ ನೀರಿಗೆ ದೊಣೆ ಅನ್ನುತ್ತೇವಲ್ಲ, ಅದನ್ನೂ ಇದೇ ಮನೆತನಕ್ಕೆ ಸೇರಿಸುವ ಆಸೆ ನನಗೆ. ನರಗುಂದ, ಗಜೇಂದ್ರಗಡದ ಕೋಟೆಗುಡ್ಡಗಳ ಸೀಮೆಯಲ್ಲಿ ತೇಲುವ ದೋಣಿಗಿಂತ ನೀರು ಹಿಡಿದಿಡುವ ದೊಣೆಯೇ ಹೆಚ್ಚು ಬೇಕಾದದ್ದು. ಅಂದಹಾಗೆ, ದೋಣಿ ನಡೆಸುವ ಹುಟ್ಟಿಗೂ ಅಡುಗೆಮನೆಯ ನಂಟಿದೆ: ಮರದ ಸೌಟೂ ಹುಟ್ಟೇ.

ಈ ಸೀಮೆಯ ಹೊಳೆ ಮಲಪ್ರಭೆ. ಕನಕುಂಬಿಯಲ್ಲಿ ಹುಟ್ಟಿ, ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿಗಳ ಮಗ್ಗುಲಲ್ಲಿ ಹಾದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಮಳೆಗಾಲದಲ್ಲಿ ಮೈತುಂಬಿ, ಬೇಸಿಗೆಯಲ್ಲಿ ಕಾಲ್ನಡಿಗೆಗೆ ದಾರಿ ಬಿಡುವ ಇಂಥ ಹೊಳೆಗಳಲ್ಲಿ ದೋಣಿಗೆ ಹರಿಗೋಲಿನ ಪೈಪೋಟಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಯಸ್, ಹೊರಗೆ ತೊಗಲು ಹೊದಿಸಿದ ಆ ದುಂಡು ಬುಟ್ಟಿ ಹದಿನೈದಿಪ್ಪತ್ತು ಜನರನ್ನು ಹೊತ್ತು ಸುತ್ತುತ್ತಲೇ ಸಾಗುವುದನ್ನು ಬರೆದಿಟ್ಟ. ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದರೆ ಮುಗಿಯಿತು. ದೋಣಿಯ ಗೋಜು ಬೇರೆ: ಅದಕ್ಕೆ ಹಿಂದು ಮುಂದು ಉಂಟು, ಕಟ್ಟಲು ಗೂಟ ಬೇಕು. ಸೆಳವು ಜೋರಿದ್ದರೆ ಅಂಬಿಗ ನೇರ ದಾಟುವುದಿಲ್ಲ. ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ಓರೆಯಾಗಿ ಬಿಡುತ್ತಾನೆ. ಹೊಳೆ ಕೆಳಕ್ಕೆ ತಳ್ಳಿದಷ್ಟೂ ಎದುರಿನ ಕಟ್ಟೆ ಹತ್ತಿರವಾಗುತ್ತದೆ. ದಡ ಮುಟ್ಟುವಾಗ ಮೂತಿಯನ್ನು ಸೆಳವಿಗೆ ಎದುರು ತಿರುಗಿಸಿ ಮೊದಲು ಮುಂದಿನ ಹಗ್ಗ ಬಿಗಿಯಬೇಕು. ಹಿಂದಿನದನ್ನು ಮೊದಲು ಕಟ್ಟಿದರೆ ಮೂತಿ ಗರ್ರನೆ ತಿರುಗಿ ದೋಣಿ ಅಡ್ಡ ಬೀಳುತ್ತದೆ.

ಕಡಲಿಗಿಳಿದ ದೋಣಿ ಇನ್ನೂ ದೂರ ಹೋಯಿತು. ತಮಿಳು, ಮಲಯಾಳಗಳಲ್ಲಿ ಅದು ತೋಣಿ. ಮಾಲ್ಡೀವ್ಸ್‌ನ ಮೀನುಗಾರರಿಗೆ ಧೋನಿ.

ಮಲಪ್ರಭೆಯಲ್ಲಿ ಅದರ ದಾರಿ ಕಿರಿದಾಯಿತು. ಸೇತುವೆಗಳು ಬಂದವು, ನವಿಲುತೀರ್ಥದ ಅಣೆಕಟ್ಟು ನೀರನ್ನು ಕಾಲುವೆಗೆ ತಿರುಗಿಸಿತು. ಮೇಲಿಂದ ಹೆಚ್ಚಿನ ನೀರು ಬಿಟ್ಟಾಗ ಮಾತ್ರ ಹೊಳೆಗೆ ಹಳೆಯ ಅಗಲ. 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಹೊಳೆಆಲೂರು ಕಡೆ ನೀರು ನುಗ್ಗಿತು. ಅಂಥ ನೆರೆಯಲ್ಲಿ ರಕ್ಷಣಾ ಪಡೆ ತರುವ ವಾಹನವನ್ನು ಪತ್ರಿಕೆಗಳು ರಬ್ಬರ್ ದೋಣಿ ಎಂದು ಬರೆಯುತ್ತವೆ. ಅದರ ಮೈ ಮರದ್ದಲ್ಲ. ಹತ್ತಿ ಕೂತವರು ಕರೆಯುವುದು ಬೋಟ್ ಎಂದೇ.