ಪ್ರಸವದ ದ್ವಿತೀಯಾವಸ್ಥೆ: ತಾಯಿಯ ಕ್ಷೇಮವೂ ವೈದ್ಯನ ಹೊಣೆಯೂ

ಗರ್ಭಕೋಶದ ಕಂಠವು ಪೂರ್ಣವಾಗಿ, ಎಂದರೆ 10 ಸೆಂಟಿಮೀಟರುಗಳಷ್ಟು, ತೆರೆದಾಗಿನಿಂದ ಶಿಶುವಿನ ಜನನದವರೆಗಿನ ಅವಧಿಯನ್ನು ಪ್ರಸವದ ದ್ವಿತೀಯಾವಸ್ಥೆಯೆಂದು ಕರೆಯುವುದುಂಟು. ಮೊದಲನೆಯ ಅವಸ್ಥೆಗಿಂತ ಇದು ಬಹು ಕಿರಿದಾದರೂ, ತಾಯಿಯ ಆಯಾಸವೂ ಶಿಶುವಿಗೆ ಪ್ರಾಣವಾಯು ಕುಂದುವ ಭಯವೂ ಬಂಧುಗಳ ಆತುರವೂ ಏಕಕಾಲಕ್ಕೆ ಒದಗುವುದು ಇಲ್ಲಿಯೇ ಆದುದರಿಂದ, ಮಾಡಬಾರದುದನ್ನು ಮಾಡುವ ಮತ್ತು ಮಾಡಬೇಕಾದುದಕ್ಕೆ ತಡಮಾಡುವ ಪ್ರಮಾದಗಳೆರಡಕ್ಕೂ ಇಲ್ಲಿ ಅವಕಾಶವಿದೆ. ತಾಯಿಮಕ್ಕಳನ್ನು ಕಾಯುವ ಕ್ರಮವೇ ವೈದ್ಯನನ್ನು ವ್ಯಾಜ್ಯದಿಂದಲೂ ಕಾಯತಕ್ಕುದೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉಸಿರು ಬಿಗಿಹಿಡಿದು ದೀರ್ಘವಾಗಿ ತಿಣುಕುವಂತೆ ಗರ್ಭಿಣಿಯನ್ನು ಗದರಿಸುವ ವಾಡಿಕೆಯನ್ನು ಇಂಗ್ಲೆಂಡಿನ ಪ್ರಸೂತಿ ವೈದ್ಯೆ ಕಾನ್‌ಸ್ಟನ್ಸ್ ಬೇನನ್ 1957ರಷ್ಟು ಹಿಂದೆಯೇ ಪ್ರಶ್ನಿಸಿದ್ದರು. ತಾಯಿಗೆ ತಾನಾಗಿ ತಿಣುಕಬೇಕೆನಿಸಿದಂತೆ ನಡೆದುಕೊಳ್ಳಗೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ವಿಧಿಸಿತು. ಚೊಚ್ಚಲ ಹೆರಿಗೆಯಲ್ಲಿ ಈ ಅವಸ್ಥೆ ಸಾಮಾನ್ಯವಾಗಿ 3 ಗಂಟೆಯೊಳಗೆ, ಅನಂತರದವುಗಳಲ್ಲಿ 2 ಗಂಟೆಯೊಳಗೆ ಮುಗಿಯುವುದೆಂದೂ ಹೇಳಿತು. ಹಾಗೆಂದು ಕಾದಷ್ಟೂ ಶ್ರೇಯಸ್ಸೆಂದು ಭಾವಿಸಲಾಗದು: ನೋವು ತಗ್ಗಿಸುವ ಎಪಿಡ್ಯೂರಲ್ ಪಡೆದ ಚೊಚ್ಚಲ ಗರ್ಭಿಣಿಯರನ್ನು ಕುರಿತು ಅಮೆರಿಕದ ಆರು ಆಸ್ಪತ್ರೆಗಳಲ್ಲಿ ನಡೆದು ಅದೇ ವರ್ಷ ಪ್ರಕಟವಾದ ಪರೀಕ್ಷೆಯಲ್ಲಿ, ತಿಣುಕುವುದನ್ನು ತಡಮಾಡಿದುದರಿಂದ ಸಹಜ ಹೆರಿಗೆ ಹೆಚ್ಚಲಿಲ್ಲ, ರಕ್ತಸ್ರಾವವಾದರೋ ಹೆಚ್ಚಿತು. ಆದುದರಿಂದ ಆತುರವೂ ವಿಳಂಬವೂ ನಿಯಮವಾಗಲಾರವು, ನಿಯಮವಾಗತಕ್ಕುದು ಎಚ್ಚರ.

ಈ ಎಚ್ಚರಕ್ಕೆ ನಿಶ್ಚಿತ ರೂಪವುಂಟು. ಶಿಶುವಿನ ಹೃದಯಬಡಿತವನ್ನು 5 ನಿಮಿಷಕ್ಕೊಮ್ಮೆ, ಬೇನೆ ಬಂದಿರುವಾಗಲೂ ಅದು ಇಳಿದ ಮೇಲೂ 30 ಸೆಕೆಂಡಾದರೂ ಆಲಿಸಬೇಕು. ತಲೆ ಇಳಿಯುತ್ತಿದೆಯೇ ಎಂಬುದನ್ನು ಗಮನಿಸಬೇಕು. ಬಡಿತ ಕುಸಿದರೆ ಅಥವಾ ತಲೆ ಇಳಿಯದೆ ನಿಂತರೆ ವ್ಯಾಕ್ಯೂಮ್, ಫೋರ್ಸೆಪ್ಸ್, ಸಿಸೇರಿಯನ್‌ಗಳಲ್ಲಿ ಯಾವುದು ಯುಕ್ತವೆಂದು ಬಲ್ಲವರು ಒಡನೆ ನಿರ್ಣಯಿಸಬೇಕು. ಹೊಟ್ಟೆಯನ್ನು ಮೇಲಿನಿಂದ ಅದುಮುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿಲ್ಲ. ಅದರಿಂದ ಗರ್ಭಕೋಶ ಹರಿಯಬಹುದು, ಭುಜ ಸಿಕ್ಕಿಕೊಂಡಿದ್ದರೆ ಇನ್ನಷ್ಟು ಬಿಗಿಯಬಹುದು.

ನ್ಯಾಯಾಲಯಗಳು ಕೇಳುವುದೂ ಈ ಎಚ್ಚರವನ್ನೇ. 1970ರಲ್ಲಿ ಫೋರ್ಸೆಪ್ಸ್ ಪ್ರಯತ್ನದ ಬಳಿಕ ಮಿದುಳಿಗೆ ಘಾತವಾಗಿ ಹುಟ್ಟಿದ ಶಿಶುವಿನ ಮೊಕದ್ದಮೆಯನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಇತ್ಯರ್ಥಪಡಿಸಿದುದು 1980ರಲ್ಲಿ. ನಿರ್ಣಯದಲ್ಲಿ ತಪ್ಪಿದುದು ಮಾತ್ರದಿಂದಲೇ ನಿರ್ಲಕ್ಷ್ಯ ಸಿದ್ಧವಾಗದು, ಸಾಧಾರಣ ಜಾಗ್ರತೆಯುಳ್ಳ ಸಮರ್ಥ ವೈದ್ಯನು ಹಾಗೆ ನಡೆಯುತ್ತಿದ್ದನೇ ಎಂಬುದೇ ಒರೆಗಲ್ಲೆಂದು ಅದು ತಿಳಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು ಹಣ ಪಡೆದು ನೀಡುವ ಚಿಕಿತ್ಸೆಯನ್ನು 1995ರಲ್ಲಿ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಸೇರಿಸಿ, ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯವೇ ಬೇಕೆಂದು 2005ರಲ್ಲಿಯೂ, ಸಮ್ಮತಿಯು ತಿಳಿದು ಕೊಟ್ಟುದಾಗಿರಬೇಕೆಂದು 2008ರಲ್ಲಿಯೂ ತೀರ್ಪಿತ್ತಿತು. ನೋವಿನ ನಡುವೆ ಹಾಕಿಸಿದ ಸಹಿಗಿಂತ ಗರ್ಭಾವಸ್ಥೆಯಲ್ಲಿಯೇ ವಿವರಿಸಿ ಪಡೆದ ಸಮ್ಮತಿ ಮೇಲೆಂಬುದು ಇದರಿಂದ ಸ್ಪಷ್ಟ.

ವರ್ಷಗಳ ಮೇಲೆ ನೆನಪು ಮಾಸಿದಾಗ ಉಳಿಯುವ ಸಾಕ್ಷಿ ಬರೆಹವೊಂದೇ. ಕಂಠ ಪೂರ್ಣ ತೆರೆದ ವೇಳೆ, ತಿಣುಕತೊಡಗಿದ ವೇಳೆ, ಹಿರಿಯ ವೈದ್ಯನನ್ನು ಕರೆದ ಹಾಗೂ ಆತನು ಬಂದ ವೇಳೆ ಆಗಿಂದಾಗಲೇ ದಾಖಲಾಗಬೇಕು. ಒಳರೋಗಿಯ ದಾಖಲೆಯನ್ನು 3 ವರ್ಷ ಕಾಯ್ದಿಡಬೇಕೆಂದೂ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದೂ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಆದರೆ 5 ನಿಮಿಷಕ್ಕೊಮ್ಮೆ ಆಲಿಸಿ ಬರೆಯಲು ತಾಯಿಯೊಬ್ಬಳ ಬಳಿ ದಾದಿಯೊಬ್ಬಳು ನಿಂತೇ ಇರಬೇಕಷ್ಟೆ. ಅಷ್ಟು ಮಂದಿಯನ್ನು ನೇಮಿಸದ ಆಸ್ಪತ್ರೆಯಲ್ಲಿ ಅನಾಹುತವಾದರೆ, ಮೊದಲ ಹೊಣೆ ಆ ಆಡಳಿತದ್ದು.