80 ನಿಮಿಷದ ಲೆಕ್ಕ: ಮೆಟಲ್ ಮಿಕ್ಸ್ ಸಿಡಿಯ ಚರಿತ್ರೆ

1/8
ನಿಮ್ಮ ಫೋನಿನ ಪ್ಲೇಲಿಸ್ಟ್‌ನಲ್ಲಿ ಎಷ್ಟು ಹಾಡಿದೆ? 300? 900? ಅದರಲ್ಲಿ 80 ನಿಮಿಷಕ್ಕೆ ಹಿಡಿಸೋಷ್ಟು ಮಾತ್ರ ಇಟ್ಕೊಳ್ಳಿ, ಉಳಿದದ್ದೆಲ್ಲ ಬಿಡಿ ಅಂದ್ರೆ ಏನ್ ಮಾಡ್ತೀರಿ?

2000ದ ಆಸುಪಾಸಿನಲ್ಲಿ ಕಾಲೇಜಲ್ಲಿದ್ದವರಿಗೆ ಇದು ತಮಾಷೆ ಪ್ರಶ್ನೆ ಆಗಿರ್ಲಿಲ್ಲ. ಕೈಯಲ್ಲಿ ಒಂದು ಬ್ಲ್ಯಾಂಕ್ ಸಿಡಿ, ಅದರಲ್ಲಿ 80 ನಿಮಿಷ ಜಾಗ. ಒಂದು ಸಲ ರೈಟ್ ಮಾಡಿದ್ರೆ ಮುಗೀತು, ಅಳಿಸೋಕಾಗಲ್ಲ.

ಈ ಸಲದ ಸರಣಿ ಆ ಮಿಕ್ಸ್ ಸಿಡಿ ಬಗ್ಗೆ. ಅದರಲ್ಲೂ ಹಾರ್ಡ್ ರಾಕ್ ಮತ್ತು ಮೆಟಲ್ ಸಿಡಿ ಬಗ್ಗೆ. ಮೆಟಲ್ಲೇ ಯಾಕೆ? ರೇಡಿಯೋ ಹೆಚ್ಚು ಹಾಕದ ಈ ಸಂಗೀತ ಬೆಳೆದಿದ್ದೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕಾಪಿಯಾಗಿ ಹೋಗಿ. ಅದೇ ಕಾಪಿ ಮೇಲೆ ಮುಂದೆ ದೊಡ್ಡ ಕೋರ್ಟ್ ಕೇಸ್ ಹಾಕಿದ್ದೂ ಒಂದು ಮೆಟಲ್ ಬ್ಯಾಂಡೇ.

ಕೊನೆಯ ಭಾಗದಲ್ಲಿ ನಿಮಗೊಂದು ಕೆಲಸ ಇದೆ. ಅದನ್ನ ತುಂಬಾ ದಿನ ಮುಂದೂಡೋ ಹಾಗಿಲ್ಲ.

2/8
ಸಿಡಿಗಿಂತ ಮೊದಲು ಕ್ಯಾಸೆಟ್ಟು.

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್‌ನ ಪ್ರದರ್ಶನವೊಂದರಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ ತೋರಿಸ್ತು. ಎಲ್‌ಪಿ ರೆಕಾರ್ಡನ್ನ ಮನೇಲಿ ಕೇಳಬಹುದಿತ್ತು, ಮನೇಲಿ ಮಾಡೋಕಾಗ್ತಿರ್ಲಿಲ್ಲ. ಕ್ಯಾಸೆಟ್ಟನ್ನ ಯಾರು ಬೇಕಾದ್ರೂ ರೆಕಾರ್ಡ್ ಮಾಡಬಹುದಿತ್ತು. ಬದಲಾಗಿದ್ದು ಅಲ್ಲಿ. ಸಿ-90 ಅಂದ್ರೆ ಒಂದು ಬದಿಗೆ 45 ನಿಮಿಷ.

1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕ, ಯುರೋಪಿನ ಮೆಟಲ್ ಹುಡುಗರು ಪೋಸ್ಟಿನಲ್ಲಿ ಕ್ಯಾಸೆಟ್ ಬದಲಾಯಿಸ್ಕೊಳ್ತಿದ್ರು. ಇದಕ್ಕೆ ಟೇಪ್ ಟ್ರೇಡಿಂಗ್ ಅಂತ ಹೆಸರು. ನನ್ನ ಹತ್ರ ಇರೋ ಡೆಮೊ ನಿನಗೆ, ನಿನ್ನ ಹತ್ರ ಇರೋ ಲೈವ್ ರೆಕಾರ್ಡಿಂಗ್ ನನಗೆ. ಮುಖ ನೋಡದವರ ನಡುವೆ ಸ್ನೇಹ.

1982ರಲ್ಲಿ ಬ್ರಯನ್ ಸ್ಲೇಗಲ್ ಅನ್ನೋ ಯುವಕ ಲಾಸ್ ಏಂಜಲೀಸ್ ಕಡೆಯ ಹೊಸ ಬ್ಯಾಂಡ್‌ಗಳ ಹಾಡು ಕೂಡಿಸಿ ‘ಮೆಟಲ್ ಮಸಾಕರ್’ ಅಂತ ಒಂದು ರೆಕಾರ್ಡ್ ತಂದ. ಒಬ್ಬ ಅಭಿಮಾನಿ ತನಗೆ ಇಷ್ಟವಾದ್ದನ್ನ ಆರಿಸಿ ಜೋಡಿಸಿದ್ದು, ಅಂದ್ರೆ ಹೆಚ್ಚುಕಮ್ಮಿ ಮಿಕ್ಸ್. ಅದರ ಕೊನೆಯ ಹಾಡು ಒಂದು ಹೊಸ ಬ್ಯಾಂಡಿನದ್ದು. ಮೊದಲ ಮುದ್ರಣದಲ್ಲಿ ಬ್ಯಾಂಡಿನ ಹೆಸರನ್ನೇ ತಪ್ಪಾಗಿ, ಒಂದು ‘ಟಿ’ ಜಾಸ್ತಿ ಹಾಕಿ ಅಚ್ಚು ಹಾಕಿದ್ರು.

ಅದೇ ಮೆಟಾಲಿಕಾ.

ಅದೇ ವರ್ಷ ಅವರ ಏಳು ಹಾಡಿನ ಡೆಮೊ ಕ್ಯಾಸೆಟ್ ‘ನೋ ಲೈಫ್ ಟಿಲ್ ಲೆದರ್’ ಕೈಯಿಂದ ಕೈಗೆ ಕಾಪಿಯಾಗ್ತಾ ದೇಶದ ಇನ್ನೊಂದು ತುದಿಯ ನ್ಯೂಜೆರ್ಸಿ ಮುಟ್ತು. ಅಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಜಾನ್ ಜಜೂಲಾ ಅದನ್ನ ಕೇಳಿ ಹುಡುಗರನ್ನ ಕರೆಸ್ಕೊಂಡ. 1983ರಲ್ಲಿ ಅವನ ಲೇಬಲ್ಲಿನಿಂದಲೇ ಅವರ ಮೊದಲ ಆಲ್ಬಮ್ ಬಂತು. ಕಾಪಿ ಇಲ್ದೇ ಇದ್ದಿದ್ರೆ ಆ ಡೆಮೊ ಅಲ್ಲೀತನಕ ಹೋಗೋದು ಹೇಗೆ?

3/8
ಈಗ ಸಿಡಿಗೆ ಬರೋಣ.

ಫಿಲಿಪ್ಸ್ ಮತ್ತು ಸೋನಿ ಸೇರಿ ಮಾಡಿದ ಆಡಿಯೋ ಸಿಡಿ 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. 12 ಸೆಂಟಿಮೀಟರ್ ಅಗಲ, ಸೆಕೆಂಡಿಗೆ 44,100 ಸ್ಯಾಂಪಲ್, ಸುಮಾರು 74 ನಿಮಿಷ. ಆದ್ರೆ ಅದನ್ನ ಕೇಳಬಹುದಿತ್ತು ಅಷ್ಟೇ. ರೆಕಾರ್ಡ್ ಮಾಡುವ ಸಿಡಿ-ಆರ್‌ಗೆ ಮಾನದಂಡ ಬಂದಿದ್ದು 1990ರಲ್ಲಿ. ಸಾಮಾನ್ಯ ಮನೆಗಳ ಕಂಪ್ಯೂಟರ್‌ಗೆ ರೈಟರ್ ಬರೋಷ್ಟರಲ್ಲಿ ಆ ದಶಕವೇ ಮುಗೀತಾ ಬಂದಿತ್ತು.

ಅಂಗಡಿಯ ಸಿಡಿಗೂ ನಾವು ರೈಟ್ ಮಾಡಿದ ಸಿಡಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಇದನ್ನ ನೆನಪಿಡಿ. ಫ್ಯಾಕ್ಟರಿ ಸಿಡಿಯಲ್ಲಿ ಮಾಹಿತಿ ಸಣ್ಣ ಸಣ್ಣ ಗುಳಿಗಳಾಗಿ ಅಚ್ಚೊತ್ತಿರುತ್ತೆ. ಸಿಡಿ-ಆರ್‌ನಲ್ಲಿ ಗುಳಿ ಇಲ್ಲ, ಬಣ್ಣದ ಒಂದು ಪದರ ಇದೆ. ಲೇಸರ್ ಆ ಬಣ್ಣವನ್ನ ಬಿಸಿ ಮಾಡಿ ಗುರುತು ಮೂಡಿಸುತ್ತೆ. ‘ಬರ್ನ್’ ಅನ್ನೋ ಹೆಸರು ಬಂದಿದ್ದೇ ಹಾಗೆ. ಸಿಡಿಯ ಕೆಳಭಾಗ ಹಸಿರು, ನೀಲಿ, ಚಿನ್ನದ ಛಾಯೆಯಲ್ಲಿ ಕಾಣೋದು ಈ ಬಣ್ಣದಿಂದಲೇ.

ವೇಗದ ಲೆಕ್ಕ ಹೀಗೆ: 4x ರೈಟರ್ 80 ನಿಮಿಷದ ಸಿಡಿಗೆ 20 ನಿಮಿಷ ತಗೊಳ್ತಿತ್ತು. ಆ 20 ನಿಮಿಷ ಕಂಪ್ಯೂಟರ್ ಮುಟ್ಟಬಾರದು! ಹಳೇ ರೈಟರ್‌ಗಳಿಗೆ ಹಾರ್ಡ್ ಡಿಸ್ಕಿನಿಂದ ಮಾಹಿತಿ ಬರೋದು ಒಂದು ಕ್ಷಣ ತಡವಾದ್ರೂ ರೈಟಿಂಗ್ ಅರ್ಧಕ್ಕೆ ನಿಂತು, ಸಿಡಿ ಚಹಾ ಲೋಟ ಇಡೋಕಷ್ಟೇ ಲಾಯಕ್ಕು.

4/8
ಆರಿಸೋ ಕೆಲಸ. ಕಷ್ಟ ಇರೋದೇ ಇಲ್ಲಿ.

ರಾಕ್‌ನಿಂದ ಮೆಟಲ್‌ವರೆಗಿನ ಚರಿತ್ರೆಯನ್ನ ಒಂದೇ ಸಿಡಿಯಲ್ಲಿ ಹೇಳ್ಬೇಕು ಅಂತ ಇಟ್ಕೊಳ್ಳಿ. ಪೆನ್ನು ಹಿಡಿದು ಕೂಡಿಸಿ (ನಿಮಿಷಗಳು ಸುಮಾರು):

▪️ ಬ್ಲ್ಯಾಕ್ ಸಬ್ಬತ್ – ‘ಬ್ಲ್ಯಾಕ್ ಸಬ್ಬತ್’, 1970: 6
▪️ ಡೀಪ್ ಪರ್ಪಲ್ – ‘ಚೈಲ್ಡ್ ಇನ್ ಟೈಮ್’, 1970: 10
▪️ ಮೋಟರ್‌ಹೆಡ್ – ‘ಏಸ್ ಆಫ್ ಸ್ಪೇಡ್ಸ್’, 1980: 3
▪️ ಎಸಿ/ಡಿಸಿ – ‘ಬ್ಯಾಕ್ ಇನ್ ಬ್ಲ್ಯಾಕ್’, 1980: 4
▪️ ಐರನ್ ಮೇಡನ್ – ‘ಹ್ಯಾಲೋಡ್ ಬಿ ದೈ ನೇಮ್’, 1982: 7
▪️ ಡಿಯೋ – ‘ಹೋಲಿ ಡೈವರ್’, 1983: 6
▪️ ಮೆಟಾಲಿಕಾ – ‘ಮಾಸ್ಟರ್ ಆಫ್ ಪಪೆಟ್ಸ್’, 1986: 8½
▪️ ಸ್ಲೇಯರ್ – ‘ರೇನಿಂಗ್ ಬ್ಲಡ್’, 1986: 4
▪️ ಜೂಡಸ್ ಪ್ರೀಸ್ಟ್ – ‘ಪೇನ್‌ಕಿಲ್ಲರ್’, 1990: 6

ಒಟ್ಟು 55ರ ಹತ್ರ. ಇನ್ನೂ 25 ನಿಮಿಷ ಇದ್ಯಲ್ಲ ಅಂತ ಖುಷಿಪಡಬೇಡಿ. ಲೆಡ್ ಜೆಪ್ಲಿನ್ ಎಲ್ಲಿ? ಮೆಗಾಡೆತ್ ಎಲ್ಲಿ? ಡೆತ್ ಮೆಟಲ್ ಎಲ್ಲಿ? ಐರನ್ ಮೇಡನ್‌ನ ‘ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’ ಬೇಕೇ ಬೇಕು ಅಂದ್ರೆ ಅದೊಂದೇ ಹದಿಮೂರು ಮುಕ್ಕಾಲು ನಿಮಿಷ. ಆ ಜಾಗದಲ್ಲಿ ಮೋಟರ್‌ಹೆಡ್‌ನ ಐದು ಹಾಡು ಕೂರುತ್ತೆ. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಆಲ್ಬಮ್ ಪೂರ್ತಿ ಸೇರಿದ್ರೂ 29 ನಿಮಿಷ ದಾಟಲ್ಲ.

ಒಂದು ಹಾಡು ಸೇರಿಸ್ಬೇಕು ಅಂದ್ರೆ ಇನ್ನೊಂದನ್ನ ಕಿತ್ತು ಹಾಕ್ಬೇಕು. ಹಾಗೆ ಕೀಳುವಾಗಲೇ ನಿಮಗೆ ನಿಜವಾಗಿ ಯಾವುದು ಇಷ್ಟ, ಯಾವುದು ಬರೀ ತೋರಿಕೆಗೆ ಅಂತ ಗೊತ್ತಾಗೋದು.

5/8
ಜೋಡಿಸೋ ಕೆಲಸ.

ಜೂಡಸ್ ಪ್ರೀಸ್ಟ್‌ನ 1982ರ ‘ಎಲೆಕ್ಟ್ರಿಕ್ ಐ’ ಕೇಳಿ. ಅದಕ್ಕೂ ಮುಂಚೆ ‘ದಿ ಹೆಲಿಯನ್’ ಅಂತ ಮುಕ್ಕಾಲು ನಿಮಿಷದಷ್ಟು ಗಿಟಾರ್ ಪೀಠಿಕೆ ಬೇರೆ ಟ್ರ್ಯಾಕ್ ಆಗಿದೆ, ಎರಡೂ ಅಂಟಿಕೊಂಡೇ ಬರುತ್ತೆ. ಎರಡನೆಯದನ್ನ ಮಾತ್ರ ತಗೊಂಡ್ರೆ ತಲೆ ಇಲ್ಲದ ಹಾಡು. ಎರಡನ್ನೂ ತಗೊಂಡ್ರೆ ಇನ್ನೊಂದು ತಾಪತ್ರಯ: ರೈಟಿಂಗ್ ಸಾಫ್ಟ್‌ವೇರ್‌ಗಳು ತಾವಾಗೇ ಪ್ರತಿ ಟ್ರ್ಯಾಕ್ ನಡುವೆ 2 ಸೆಕೆಂಡ್ ಮೌನ ಹಾಕ್ತಿದ್ವು. ಗಿಟಾರ್ ಏರಿ ಏರಿ ಬಂದು, ದಡಕ್ ಅಂತ ನಿಂತು, ಆಮೇಲೆ ಹಾಡು. ‘ಡಿಸ್ಕ್ ಅಟ್ ಒನ್ಸ್’ ಅನ್ನೋ ಆಯ್ಕೆ ಒತ್ತಿ ಆ ಗ್ಯಾಪ್ ತೆಗೀಬೇಕಿತ್ತು. ಲೈವ್ ಆಲ್ಬಮ್ಮಿನ ಚಪ್ಪಾಳೆಗೂ ಇದೇ ಉಪಾಯ.

ಇನ್ನೊಂದು ಸಮಸ್ಯೆ ವಾಲ್ಯೂಮ್. 80ರ ದಶಕದ ಸಿಡಿಗಳ ಸದ್ದು ಮೆತ್ತಗೆ, 90ರ ಕೊನೆಗೆ ಬಂದವು ಕಿವಿ ಹರಿಯೋ ಹಾಗೆ. ಕಂಪನಿಗಳು ಒಂದಕ್ಕಿಂತ ಒಂದು ಜೋರು ಮಾಡೋ ಪೈಪೋಟಿಗೆ ಬಿದ್ದಿದ್ವು. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅಭಿಮಾನಿಗಳೇ ಸದ್ದು ಒಡೀತಿದೆ ಅಂತ ಗಲಾಟೆ ಮಾಡಿದ್ರು. ಹಳೇದು, ಹೊಸದು ಒಟ್ಟಿಗೆ ಹಾಕುವಾಗ ಎಲ್ಲವನ್ನೂ ಒಂದು ಮಟ್ಟಕ್ಕೆ ತರದಿದ್ರೆ ಪ್ರತಿ ಹಾಡಿಗೂ ವಾಲ್ಯೂಮ್ ನಾಬ್ ಹಿಡ್ಕೊಂಡು ಕೂರ್ಬೇಕು.

ಆಮೇಲೆ ಹೆಸರು ಬರೆಯೋದು. ಸಾಮಾನ್ಯ ಆಡಿಯೋ ಸಿಡಿಯೊಳಗೆ ಹಾಡಿನ ಹೆಸರೇ ಇರಲ್ಲ! ಕಂಪ್ಯೂಟರ್ ಟ್ರ್ಯಾಕುಗಳ ಉದ್ದ ನೋಡಿ ಇಂಟರ್ನೆಟ್ಟಿನ ಪಟ್ಟಿಯಲ್ಲಿ ಹುಡುಕಿ ಹೆಸರು ತೋರಿಸ್ತಿತ್ತು. ನೀವೇ ಮಾಡಿದ ಮಿಕ್ಸ್ ಯಾವ ಪಟ್ಟಿಯಲ್ಲೂ ಇಲ್ಲ. ‘ಟ್ರ್ಯಾಕ್ 01, ಟ್ರ್ಯಾಕ್ 02’ ಅಷ್ಟೇ. ಹಾಗಾಗಿ ಕವರಿನೊಳಗೆ ಕೈಯಲ್ಲಿ ಬರೆದ ಆ ಚೀಟಿಯೇ ಆ ಸಿಡಿಗೆ ಇರೋ ಏಕೈಕ ದಾಖಲೆ.

6/8
ಈಗ ಜಗಳದ ಭಾಗ.

1995ರಲ್ಲಿ ಎಂಪಿ3 ಅನ್ನೋ ಹೆಸರು ಖಾಯಂ ಆಯ್ತು. 1997ರಲ್ಲಿ ವಿನ್‌ಆಂಪ್ ಬಂತು. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ 10 ಎಂಬಿ ಬೇಕಿದ್ದ ಹಾಡು 1 ಎಂಬಿಗೆ ಇಳೀತು. 1999ರಲ್ಲಿ ನ್ಯಾಪ್‌ಸ್ಟರ್: ನಿಮ್ಮ ಕಂಪ್ಯೂಟರಿನ ಹಾಡು ಜಗತ್ತಿನ ಯಾರಿಗೆ ಬೇಕಾದ್ರೂ, ಬಿಟ್ಟಿ.

ಮೆಟಾಲಿಕಾ ‘ಮಿಷನ್ ಇಂಪಾಸಿಬಲ್ 2’ ಸಿನಿಮಾಗೆ ಮಾಡ್ತಿದ್ದ ಹಾಡು ಇನ್ನೂ ಮುಗಿಯೋ ಮೊದಲೇ ರೇಡಿಯೋದಲ್ಲಿ ಕೇಳಿಸ್ತು. ಅದರ ಜಾಡು ಹೋಗಿ ನಿಂತಿದ್ದು ನ್ಯಾಪ್‌ಸ್ಟರ್‌ನಲ್ಲಿ. 2000ದ ಏಪ್ರಿಲ್‌ನಲ್ಲಿ ಕೇಸ್ ಹಾಕಿದ್ರು. ಮೇ ತಿಂಗಳಲ್ಲಿ ತಮ್ಮ ಹಾಡು ಹಂಚಿದ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನ ಡ್ರಮ್ಮರ್ ಲಾರ್ಸ್ ಉಲ್ರಿಚ್ ಪೆಟ್ಟಿಗೆಗಳಲ್ಲಿ ತುಂಬಿಸ್ಕೊಂಡು ಹೋಗಿ ಒಪ್ಪಿಸಿದ. ಕ್ಯಾಸೆಟ್ ಕಾಪಿಯಿಂದ ಬೆಳೆದವರು ಕಾಪಿ ಮಾಡಿದವರ ಮೇಲೆ ಬಿದ್ರು ಅಂತ ಅಭಿಮಾನಿಗಳು ಕೆಂಡವಾದ್ರು.

ಆದ್ರೆ ಎರಡೂ ಒಂದೇನಾ? ಸ್ವಲ್ಪ ಯೋಚಿಸಿ. 90 ನಿಮಿಷದ ಕ್ಯಾಸೆಟ್ ಕಾಪಿ ಮಾಡೋಕೆ ಮಾಮೂಲಿ ವೇಗದಲ್ಲಿ 90 ನಿಮಿಷ ಬೇಕಿತ್ತು. ಕೊಡೋನು ಒಬ್ಬ, ತಗೊಳ್ಳೋನು ಒಬ್ಬ. ನ್ಯಾಪ್‌ಸ್ಟರ್‌ನಲ್ಲಿ ಕೊಡೋನಿಗೆ ತಾನು ಯಾರಿಗೆ ಕೊಟ್ಟೆ ಅಂತಲೂ ಗೊತ್ತಿಲ್ಲ. ಮೆಟಾಲಿಕಾ ತಮ್ಮ ಕಾರ್ಯಕ್ರಮಗಳನ್ನ ರೆಕಾರ್ಡ್ ಮಾಡ್ಕೊಳ್ಳೋಕೆ ಅಭಿಮಾನಿಗಳಿಗೆ ಬಿಟ್ಟಿದ್ದ ಬ್ಯಾಂಡ್ ಅನ್ನೋದೂ ನಿಜ. ಅವರ ಸಿಟ್ಟಿದ್ದದ್ದು ತಮ್ಮನ್ನ ಕೇಳದೇ ಹಂಚಿದ್ದಕ್ಕೆ. ಮಿಕ್ಸ್ ಸಿಡಿ ಇವೆರಡರ ಮಧ್ಯೆ ನಿಂತಿತ್ತು: ಹಾಡು ನ್ಯಾಪ್‌ಸ್ಟರ್‌ನಂಥ ಕಡೆಯಿಂದ, ಆದ್ರೆ ಹಂಚಿದ್ದು ಕ್ಯಾಸೆಟ್ ಥರ, ಒಬ್ಬರಿಗೆ ಒಂದು.

2001ರಲ್ಲಿ ನ್ಯಾಪ್‌ಸ್ಟರ್ ಮುಚ್ಚಿತು. 2015ರಲ್ಲಿ ಮೆಟಾಲಿಕಾ ತಮ್ಮ ಆ 1982ರ ಡೆಮೊವನ್ನ ಮತ್ತೆ ಮಾರಾಟಕ್ಕೆ ಬಿಟ್ರು. ಕ್ಯಾಸೆಟ್ಟಿನಲ್ಲೇ!

7/8
ನಮ್ಮೂರಿಗೂ ಇದಕ್ಕೂ ಏನು ಸಂಬಂಧ?

ತುಂಬಾ ಇದೆ. ಡಯಲ್-ಅಪ್ ಕಾಲದಲ್ಲಿ 4 ಎಂಬಿಯ ಒಂದು ಹಾಡು ಇಳಿಯೋಕೆ ಲೈನ್ ಚೆನ್ನಾಗಿದ್ರೂ ಹತ್ತು ನಿಮಿಷ. ಆದ್ದರಿಂದ ಇಡೀ ಹಾಸ್ಟೆಲ್ಲಿಗೆ ಒಬ್ಬರು ಇಳಿಸಿದ್ರೆ ಉಳಿದವರಿಗೆಲ್ಲ ಸಿಡಿ. ಬ್ಲ್ಯಾಂಕ್ ಸಿಡಿಗೆ ಬೆಂಗಳೂರಿನ ಎಸ್.ಪಿ. ರೋಡ್. ಎಂಪಿ3 ಸಿಡಿಯಾದ್ರೆ 700 ಎಂಬಿಯಲ್ಲಿ ಸುಮಾರು 12 ಗಂಟೆ ಹಾಡು ಹಿಡೀತಿತ್ತು, ಆದ್ರೆ ಎಲ್ಲ ಪ್ಲೇಯರಿನಲ್ಲೂ ಓಡ್ತಿರ್ಲಿಲ್ಲ. 80 ನಿಮಿಷದ ಆಡಿಯೋ ಸಿಡಿಗೆ ಬೆಲೆ ಉಳಿದಿದ್ದು ಅದಕ್ಕೇ.

2007ರ ಮಾರ್ಚ್ 17ಕ್ಕೆ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. 2011ರ ಅಕ್ಟೋಬರ್ 30ಕ್ಕೆ ಅದೇ ಮೈದಾನದಲ್ಲಿ ಮೆಟಾಲಿಕಾ. ಅಲ್ಲಿ ಹೋಗಿದ್ದ ನಿಮ್ಮ ಕಸಿನ್‌ನೋ, ಪಕ್ಕದ ಮನೆ ಅಣ್ಣನನ್ನೋ ಕೇಳಿ: ಆ ಹಾಡನ್ನ ಮೊದಲ ಸಲ ನಿಮಗೆ ಕೊಟ್ಟಿದ್ದು ಯಾರು? ಅಂಗಡಿಯ ಹೆಸರು ಹೇಳೋರೂ ಇದ್ದಾರೆ. ಆದ್ರೆ ಒಬ್ಬ ಗೆಳೆಯನ ಹೆಸರೋ, ಸೀನಿಯರ್ ಹೆಸರೋ ಬಂದ್ರೆ ಆಶ್ಚರ್ಯಪಡಬೇಡಿ.

ಇದೇ ಊರಿನಲ್ಲಿ 1998ರಲ್ಲಿ ಕ್ರಿಪ್ಟೋಸ್ ಹುಟ್ಟಿತು, ಮೊದಲ ಆಲ್ಬಮ್ 2004ರಲ್ಲಿ. ಅವರಾದರೂ ಆಲ್ಬಮ್ ತಂದ್ರು. ಕಾಲೇಜ್ ಫೆಸ್ಟ್‌ಗಳಲ್ಲಿ ಒಂದೆರಡು ವರ್ಷ ಬಾರಿಸಿ ಕರಗಿಹೋದ ಬ್ಯಾಂಡುಗಳಿಗೆ ಆಲ್ಬಮ್ ಇಲ್ಲ, ಯಾವ ಆ್ಯಪಿನಲ್ಲೂ ಜಾಗ ಇಲ್ಲ. ಅವರ ಡೆಮೊ ಉಳಿದಿದ್ರೆ ಉಳಿದಿರೋದು ಯಾರದ್ದೋ ಸಿಡಿ-ಆರ್‌ನಲ್ಲಿ, ಮಾರ್ಕರಿನಲ್ಲಿ ಬರೆದ ಹೆಸರಿನ ಕೆಳಗೆ.

8/8
ಈಗ ನಿಮ್ಮ ಕೆಲಸ.

3ನೇ ಭಾಗದ ಬಣ್ಣದ ಪದರ ನೆನಪಿದ್ಯಾ? ಅದಕ್ಕೆ ಬಿಸಿಲು, ಸೆಕೆ, ತೇವ ಆಗಲ್ಲ. ಕರಾವಳಿಯ ಮಳೆಗಾಲ, ಕಲಬುರಗಿಯ ಬೇಸಿಗೆ, ಕಾರಿನ ಡ್ಯಾಶ್‌ಬೋರ್ಡ್ ಎಲ್ಲ ಅದರ ಶತ್ರುಗಳೇ. ಸಿಡಿ ಹೊರಗಿಂದ ಫಳಫಳ ಅಂತಲೇ ಇರುತ್ತೆ, ಒಳಗೆ ಹಾಡು ಹೋಗಿರುತ್ತೆ. 2000ದ ಆಸುಪಾಸಿನ ಡಿಸ್ಕುಗಳಿಗೆ ಆಗಲೇ ಇಪ್ಪತ್ತು ವರ್ಷ ದಾಟಿದೆ.

ಹಾಗಾಗಿ:

▪️ ಮನೆಯಲ್ಲಿ, ನೆಂಟರಲ್ಲಿ ಯಾರಾದ್ರೂ ಅಣ್ಣ, ಅಕ್ಕ, ಮಾಮನ ಹತ್ರ ಹಳೇ ಸಿಡಿ ಪೌಚ್ ಇದ್ಯಾ ಕೇಳಿ.
▪️ ಯುಎಸ್‌ಬಿ ಡಿವಿಡಿ ಡ್ರೈವ್ ಸಾಕು. ಗೆಳೆಯರು ಸೇರಿ ಒಂದು ಎರವಲು ತಂದ್ರೂ ಆಗುತ್ತೆ.
▪️ ಆಡಿಯೋ ಸಿಡಿಯನ್ನ ಎಂಪಿ3 ಅಲ್ಲ, ವೇವ್ ಅಥವಾ ಫ್ಲ್ಯಾಕ್ ಆಗಿ ಉಳಿಸಿ. ಒಂದೇ ಸಲ ಓದೋಕೆ ಅವಕಾಶ ಸಿಗಬಹುದು.
▪️ ಕೆಳಗಿನ ಪ್ಲಾಸ್ಟಿಕ್ ಬದಿಯ ಗೀರಿಗಿಂತ ಮೇಲಿನ ಬರಹದ ಬದಿಯ ಗೀರು ಅಪಾಯ. ಅಲ್ಲಿ ಬಾಲ್ ಪೆನ್ ಬೇಡ, ಸ್ಟಿಕ್ಕರ್ ಕೀಳಬೇಡಿ.
▪️ ಕವರಿನ ಚೀಟಿಯ ಫೋಟೋ ತಪ್ಪದೇ ತೆಗೀರಿ. ಅದಿಲ್ಲ ಅಂದ್ರೆ ಬರೀ ಟ್ರ್ಯಾಕ್ 01.
▪️ ದೊಡ್ಡ ಬ್ಯಾಂಡಿನ ಹಾಡನ್ನ ಅಪ್‌ಲೋಡ್ ಮಾಡ್ಬೇಡಿ, ಅವು ಎಲ್ಲೂ ಹೋಗಲ್ಲ. ಲೋಕಲ್ ಬ್ಯಾಂಡಿನ ಡೆಮೊ ಸಿಕ್ಕಿದ್ರೆ ಬಾರಿಸಿದವರನ್ನ ಹುಡುಕಿ, ಅವರಿಗೆ ಒಂದು ಕಾಪಿ ಕೊಡಿ. ಹಾಕ್ಬೇಕೋ ಬೇಡ್ವೋ ಅವರು ಹೇಳ್ಲಿ.

ಆಮೇಲೆ ನೀವೂ ಒಂದು 80 ನಿಮಿಷದ ಪಟ್ಟಿ ಮಾಡಿ. ಸಿಡಿ ಇಲ್ದಿದ್ರೂ ಪರವಾಗಿಲ್ಲ, ಹಾಳೆ ಮೇಲೆ ಬರೀರಿ, ನಿಮಿಷ ಕೂಡಿಸಿ, 80 ದಾಟಿದ್ರೆ ಹೊಡೆದು ಹಾಕಿ. ಮೇಲೆ ಯಾರಿಗೆ ಅಂತ ಒಬ್ಬರ ಹೆಸರು ಹಾಕಿ ಅವರ ಕೈಗೇ ಕೊಡಿ.

ಮೊದಲ ಹಾಡು ಯಾವುದು ಅಂತ ಕಾಮೆಂಟ್‌ನಲ್ಲಿ ಹೇಳಿ. ಕೊನೆಗೆ ಕಿತ್ತು ಹಾಕಿದ ಹಾಡು ಯಾವುದು ಅಂತಲೂ ಹೇಳಿ, ನನಗೆ ಅದರ ಮೇಲೇ ಹೆಚ್ಚು ಕುತೂಹಲ.

#ಮಿಕ್ಸ್‌ಸಿಡಿ #ಮೆಟಲ್‌ಚರಿತ್ರೆ #80ನಿಮಿಷ #ಕನ್ನಡದಲ್ಲಿಚರಿತ್ರೆ