ತೀರ್ಪು ರದ್ದಾಯಿತು, ಪ್ರಾಣ ಮರಳಲಿಲ್ಲ



ಮೇ 30 ಸಂತ ಜೋನ್ ಆಫ್ ಆರ್ಕ್ ಅವರ ಹಬ್ಬ. 1431ರ ಅದೇ ದಿನ ಫ್ರಾನ್ಸಿನ ರೂವೆನ್ ಪಟ್ಟಣದ ಹಳೆಯ ಪೇಟೆಯಲ್ಲಿ, ಸುಮಾರು 19 ವರ್ಷದ ಈ ರೈತರ ಮಗಳನ್ನು ಜೀವಂತವಾಗಿ ಸುಡಲಾಯಿತು. ಫ್ರೆಂಚ್ ಸೇನೆಯ ಮುಂದೆ ನಿಂತು ಇಂಗ್ಲಿಷರನ್ನು ಹಿಮ್ಮೆಟ್ಟಿಸಿದವರು ಆಕೆ.

ಆದರೆ ವಿಶ್ವಾಸದ್ರೋಹಿಯೆಂದು ತೀರ್ಪಿತ್ತದ್ದು ಸೈನಿಕರಲ್ಲ. ಧರ್ಮಾಧ್ಯಕ್ಷ ಪಿಯೆರ್ ಕೊಶೋನ್ ನಡೆಸಿದ ಧರ್ಮಸಭೆಯ ನ್ಯಾಯಾಲಯವೇ. ಅಲ್ಲಿ ಆಕೆಯ ಪರ ವಾದಿಸುವ ವಕೀಲರಿರಲಿಲ್ಲ. ಸೆರೆಮನೆಗೆ ಇಂಗ್ಲಿಷ್ ಸೈನಿಕರದೇ ಕಾವಲು. ಜಗದ್ಗುರುಗಳ ಬಳಿಗೆ ತನ್ನನ್ನು ಕಳುಹಿಸಿರೆಂದು ಬೇಡಿಕೊಂಡರೂ ಒಪ್ಪಲಿಲ್ಲ.

ಹೆತ್ತ ತಾಯಿ ಇಸಬೆಲ್ ಸುಮ್ಮನಿರಲಿಲ್ಲ. ಅವರ ಮೊರೆಯನ್ನು ಆಲಿಸಿ 1455ರಲ್ಲಿ ಜಗದ್ಗುರು ಮೂರನೆಯ ಕಲಿಕ್ಸ್ತರು ಮರುವಿಚಾರಣೆಗೆ ಅಪ್ಪಣೆಯಿತ್ತರು. ನೂರಕ್ಕೂ ಹೆಚ್ಚು ಮಂದಿ ಸಾಕ್ಷಿ ನುಡಿದರು. 1456ರ ಜುಲೈ 7ರಂದು ಹಳೆಯ ತೀರ್ಪು ರದ್ದಾಯಿತು. 1920ರಲ್ಲಿ ಧರ್ಮಸಭೆ ಆಕೆಯನ್ನು ಸಂತರೆಂದು ಘೋಷಿಸಿತು. ತೀರ್ಪನ್ನು ತಿದ್ದಬಹುದು, ಬೂದಿಗೆ ಉಸಿರು ತುಂಬಲಾದೀತೇ?

ಮನುಷ್ಯನ ಘನತೆಗೆ ಧಕ್ಕೆ ತರುವ ಮರಣದಂಡನೆ ಒಪ್ಪತಕ್ಕದ್ದಲ್ಲವೆಂದು 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಧರ್ಮೋಪದೇಶ ಗ್ರಂಥವನ್ನೇ ತಿದ್ದಿಸಿದರು. ಸುಳ್ಳುಸಾಕ್ಷಿಗಳ ನಡುವೆ ನಿಂತ ಪ್ರಭುವನ್ನು ಆರಾಧಿಸುವವರು ನಾವು. ಘೋರ ಅಪರಾಧದ ಸುದ್ದಿ ಬಂದಾಗ ನೊಂದವರಿಗೆ ಹೆಗಲಾಗೋಣ. ಆದರೆ ‘ಗಲ್ಲಿಗೇರಿಸಿ’ ಎಂದು ಕೂಗುವ ಗುಂಪಿನಲ್ಲಿ ನಮ್ಮ ದನಿ ಸೇರದಿರಲಿ. ಆರೋಪಿಯ ಮಾತನ್ನೂ ಆಲಿಸುವ ನ್ಯಾಯಕ್ಕಾಗಿ ಪ್ರಾರ್ಥಿಸೋಣ.